ಹಸಿರು ದೀಪದ ನಡಿಗೆ

ಇಲಿಯಾಸ್ ಮೈದಾನದ ಉದ್ದಕ್ಕೂ ಓಡಿ ಬಂದು ನಿಂತಾಗ ಪರದೆಯ ಮೇಲೆ ನೂರಕ್ಕೆ ತೊಂಬತ್ತಾರು ಎಂದು ಮೂಡಿತು. ವಡಗಾವಿ ರೋವರ್ಸ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ಬಾಳಾಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

"ನೋಡ್ರಿ ಮೇಡಮ್! ಮೂವತ್ನಾಲ್ಕು ವಯಸ್ಸಿನ್ಯಾಗ ತೊಂಬತ್ತಾರು! ನಮ್ಮ ಹುಡುಗೂರು ಎಂಬತ್ತು ದಾಟಾಕ ಒದ್ದಾಡ್ತಾವು. ಇನ್ನ ವಿಚಾರ ಮಾಡೂದೇನೈತಿ? ನೀವು ಹೂಂ ಅನ್ರಿ, ಇವನ್ನ ವಾಪಸ್ ತಗೊಂಡು ಊರಿಗೆಲ್ಲ ಪೇಢೆ ಹಂಚಿಸ್ತೀನಿ."

ಡಾ. ರೋಹಿಣಿ ತಿಗಡಿ ನಗಲಿಲ್ಲ. ಯಂತ್ರ ಅವಳದೇ. ಹತ್ತು ವರ್ಷಗಳ ಹಿಂದೆ ಅವಳು ರೂಪಿಸಿದ 'ಗತಿದರ್ಶಿ' ಈಗ ರಾಜ್ಯದ ಕ್ಲಬ್ಬುಗಳಲ್ಲಿ, ಶಾಲೆಗಳಲ್ಲಿ ಎಲ್ಲ ಕಡೆ ಇತ್ತು. ಬೂಟಿನ ಅಟ್ಟೆಯೊಳಗೆ ಹೆಣೆದ ಸೂಕ್ಷ್ಮ ಎಳೆಗಳು ಪ್ರತಿ ಹೆಜ್ಜೆಯ ಭಾರವನ್ನು ಗ್ರಹಿಸುತ್ತವೆ. ಯಂತ್ರ ಅದನ್ನು ಒಂದು ಮಾದರಿ ನಡಿಗೆಯೊಂದಿಗೆ ಹೋಲಿಸುತ್ತದೆ. ಹೊಂದಿಕೆಯಾದರೆ ಮುಂಗೈ ಪಟ್ಟಿಯಲ್ಲಿ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ರೋವರ್ಸಿನ ಹುಡುಗರು ಮಲಗುವಾಗ ಮಾತ್ರ ಆ ಪಟ್ಟಿ ಬಿಚ್ಚುತ್ತಿದ್ದರು. ಹಸಿರು ಕೆಡಿಸಿಕೊಂಡವನಿಗೆ ಗೆಳೆಯರು ಇಟ್ಟ ಹೆಸರು 'ಕೆಂಪ್ಯಾ.'

ಮಾದರಿ ಯಾರದು ಎಂಬುದು ಗುಟ್ಟೇನಲ್ಲ. ಕ್ಲಬ್ಬಿಗೆ ಅತಿ ಹೆಚ್ಚು ಗೋಲು ತಂದ ಇಲಿಯಾಸನ ಓಟ, ನಡಿಗೆ, ಮೆಟ್ಟಿಲು ಹತ್ತಿ ಇಳಿಯುವ ರೀತಿ ಎಲ್ಲವನ್ನೂ ಅವಳು ಒಂದು ಇಡೀ ಹಂಗಾಮು ದಾಖಲಿಸಿದ್ದಳು. ಆಗ ಅವನು ಇಪ್ಪತ್ನಾಲ್ಕರ ಹುಡುಗ. ಬೇರೆ ಊರಿನ ಕ್ಲಬ್ಬಿಗೆ ಹೋದ ಮೇಲೆ ಅವನ ಎಡ ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿತ್ತು. ಕೊಯ್ದು ಹೊಲಿದ ಮೊಣಕಾಲು, ಗಟ್ಟಿಯಾಗಿದ್ದ ಕಾಲದ ಮೊಣಕಾಲಿಗೆ ಇಷ್ಟು ಕರಾರುವಾಕ್ಕಾಗಿ ಹೊಂದುವುದು ಹೇಗೆ?

ಇಲಿಯಾಸ್ ಟವೆಲ್ಲಿನಿಂದ ಕುತ್ತಿಗೆ ಒರೆಸುತ್ತ ಹತ್ತಿರ ಬಂದ. "ನಂಬರ್ ಬಂತಲ್ಲರೀ ಮೇಡಮ್, ಮತ್ಯಾಕ ಮಾರಿ ಸಪ್ಪಗ? ಒಂದ ಸೀಸನ್ ಸಾಕು. ನನ್ನ ಮಗಳು ನಾ ಆಡೂದನ್ನ ಇನ್ನೂ ನೋಡೇ ಇಲ್ಲ."

"ಒಂದು ಮಾತು ಕೇಳಲೇನು?" ರೋಹಿಣಿ ದನಿ ತಗ್ಗಿಸಿದಳು. "ನಿಮ್ಮ ಎಡಗಾಲು ಯಾವಾಗಿಂದ ನೋಯತೈತಿ?"

ಅವನು ಅಧ್ಯಕ್ಷರತ್ತ ಒಮ್ಮೆ ನೋಡಿದ. ಅವರು ಯಾರಿಗೋ ಫೋನಿನಲ್ಲಿ ತೊಂಬತ್ತಾರರ ಸುದ್ದಿ ಹೇಳುತ್ತಿದ್ದರು.

"ನೀವು ಬೂಟಿಗೆ ಆ ಎಳಿ ಹಾಕಿದ್ರಲ್ಲ, ಅದಕ್ಕಿಂತ ಮೊದಲಿಂದ. ನಮ್ಮ ಕ್ಲಬ್ಬಿನ್ಯಾಗ ನೋವಂತ ಕಾಲಿಗೆ ಬರ್ಫ್ ಇಟ್ಕೊಂಡವ ಮುಂದಿನ ಮ್ಯಾಚ್ ಬೆಂಚಿನ ಮ್ಯಾಲ ಕೂಡೂದ. ಅದಕ ಭಾರ ಬಲಗಾಲಿಗೆ ಹಾಕಿ ಓಡೂದು ಕಲಿತೆ. ಯಾರಿಗೂ ಗೊತ್ತಾಗಲಿಲ್ಲ."

ನನಗೂ ಗೊತ್ತಾಗಲಿಲ್ಲ ಎಂದುಕೊಂಡಳು ರೋಹಿಣಿ. ಅವಳು ಎಣಿಸಿದ್ದು ಗೋಲುಗಳನ್ನು. ನೋವನ್ನು ಅಳೆಯುವ ಎಳೆ ಅವಳ ಯಂತ್ರದಲ್ಲಿ ಇರಲೇ ಇಲ್ಲ.

"ಇಲಿಯಾಸ್ ಭಾಯ್!" ಗ್ಯಾಲರಿಯ ಮೇಲಿಂದ ಕಿರಿಯರ ತಂಡದ ಕೂಗು ಕೇಳಿತು. ಹುಡುಗರು ಒಬ್ಬರನ್ನೊಬ್ಬರು ತಳ್ಳುತ್ತ ಮೆಟ್ಟಿಲಿಳಿದು ಬರುತ್ತಿದ್ದರು. ಇಲಿಯಾಸ್ ಕೈಯೆತ್ತಿದ, ಎತ್ತಿದ ಕೈ ಅಲ್ಲೇ ನಿಂತಿತು.

ಪ್ರತಿಯೊಬ್ಬ ಹುಡುಗನೂ ಎಡಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಎಡಗಾಲನ್ನೇ ಮುಂದಿಡುತ್ತಿದ್ದ. ಎಲ್ಲರ ಮುಂಗೈಯಲ್ಲೂ ಹಸಿರು ದೀಪ.

"ಇವ್ರಿಗೇನಾಗೇತ್ರೀ? ಎಲ್ಲಾರ್ದೂ ಮೊಣಕಾಲು ಹೋಗ್ಯಾವೇನು?" ಇಲಿಯಾಸ್ ಕೇಳಿದ.

"ಇನ್ನೂ ಹೋಗಿಲ್ಲ," ಎಂದಳು ರೋಹಿಣಿ. "ಅದು ನಿಮ್ಮ ನಡಿಗಿ. ಗತಿದರ್ಶಿ ಕಲಿಸೇತಿ."

ಇಲಿಯಾಸ್ ಮೆಟ್ಟಿಲನ್ನೊಮ್ಮೆ ನೋಡಿದ. ಆಮೇಲೆ ತನ್ನ ಮುಂಗೈ ಪಟ್ಟಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. "ತೊಂಬತ್ತಾರು ಸುಳ್ಳು ಅಂತ ಹೇಳಿಬಿಡ್ರಿ. ನನ್ನ ತಗೋಬ್ಯಾಡ್ರಿ."

"ಏ, ಏನ್ ಹೇಳಾಕತ್ತೀಯೋ?" ಬಾಳಾಸಾಹೇಬರು ಫೋನ್ ಕೆಳಗಿಳಿಸಿದರು.

ಇದೇ ಹೊತ್ತಿಗೆ ಎಷ್ಟು ಶಾಲೆಗಳ ಮೆಟ್ಟಿಲುಗಳಲ್ಲಿ ಮಕ್ಕಳು ಹೀಗೆ, ತಮ್ಮದಲ್ಲದ ನೋವನ್ನು ಜೋಪಾನ ಮಾಡುತ್ತ ಇಳಿಯುತ್ತಿರಬಹುದು? ರೋಹಿಣಿ ಪರದೆಯ ಬಳಿ ಹೋಗಿ ಯಂತ್ರವನ್ನು ಆರಿಸಿದಳು.

ಮೆಟ್ಟಿಲ ಮೇಲೆ ದೀಪಗಳೆಲ್ಲ ಒಮ್ಮೆಗೇ ನಂದಿದವು. ಹುಡುಗರು ಇದ್ದಲ್ಲೇ ನಿಂತರು. ಮುಂದಿದ್ದವನು ಕಂಬಿ ಹಿಡಿದು, ಒಂದು ಪಾದವನ್ನು ಗಾಳಿಯಲ್ಲೇ ಇಟ್ಟುಕೊಂಡು ಕೇಳಿದ:

"ಮೇಡಮ್, ದೀಪ ಹೋತು. ಈಗ ಯಾವ ಕಾಲು ಇಡೂದ್ರೀ?"