ಗಾಳಿಗೆ ಅಡ್ಡ

ಮೆರನ್‌ಗೆ ಕಾಲಿದ್ದವು, ತ್ರಾಣ ಇರಲಿಲ್ಲ.

ಸ್ಟ್ರಾಮ್ನೆಸ್ ಬಂದರಿನ ಮೇಲಿನ ರಸ್ತೆಯಲ್ಲಿ ಕಲ್ಲಿನ ಗೋಡೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಟ್ರ್ಯಾಕ್ಟರ್ ನಿಂತಿತು. ಕುರಿ ಸಾಕುವ ಎರ್ಲೆಂಡ್ ಮೇಲಿನಿಂದ ಬಗ್ಗಿ ನಕ್ಕ.

"ರಾತ್ರಿ ಮದುವೆ ಮನೇಲಿ ಜೋರಾಗಿತ್ತಾ? ಇನ್ನೂ ತೂರಾಡ್ತಿದ್ದೀಯ!"

"ಕುಡಿದಿಲ್ಲ. ಎಂ.ಎಸ್. ಇದೆ."

ಅವನ ನಗು ಅಲ್ಲೇ ಸತ್ತಿತು. ನರಗಳ ಹೊದಿಕೆ ಸವೆಯುವ ಆ ಕಾಯಿಲೆ ಆರ್ಕ್ನಿ ದ್ವೀಪದಲ್ಲಿ ಯಾರಿಗೂ ಹೊಸದಲ್ಲ.

"ತಪ್ಪಾಯ್ತು..."

"ತಪ್ಪು ಆಮೇಲೆ ಕೇಳು. ಮೊದಲು ಟ್ರ್ಯಾಕ್ಟರ್ ಹತ್ತಿಸು!"

ಹಾಗೆ ಶುರುವಾಯಿತು. ನಡೆಯುವುದನ್ನು ಬಿಡಬಾರದು ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ದಿನಾ ಸಂಜೆ, ಅವಳು ಕೆಲಸ ಮಾಡುವ ಉಣ್ಣೆ ಅಂಗಡಿ ಮುಚ್ಚಿದ ಮೇಲೆ, ಇಬ್ಬರೂ ಕೈ ಹಿಡಿದು ಅವಳ ಮನೆಯವರೆಗೆ ನಡೆಯುತ್ತಿದ್ದರು.

ಚಳಿಗಾಲದಲ್ಲಿ ಆಸ್ಪತ್ರೆಯವರು ಅವಳ ಮುಖಕ್ಕೆ ಮಾಸ್ಕ್ ಕಟ್ಟಿ, ಟ್ರೆಡ್‌ಮಿಲ್ ಮೇಲೆ ನಡೆಸಿ, ಉಸಿರು ಅಳೆದರು.

"ನೀನು ಎರಡು ಸಲ ನಡೆಯೋಷ್ಟು ಶಕ್ತಿ ನನಗೆ ಒಂದೇ ಸಲಕ್ಕೆ ಖರ್ಚಾಗುತ್ತಂತೆ," ಎಂದಳು ಎರ್ಲೆಂಡ್‌ಗೆ. "ಅದಕ್ಕೇ ಮಧ್ಯಾಹ್ನಕ್ಕೇ ಸುಸ್ತು. ಸೋಮಾರಿತನ ಅಲ್ಲ."

ಮರುದಿನ ಎರ್ಲೆಂಡ್ ಅವಳ ಕೈ ಹಿಡಿಯಲಿಲ್ಲ. ಒಂದು ಹೆಜ್ಜೆ ಮುಂದೆ ನಡೆದ. ತಿರುವು ಬಂದರೆ ಎಡಕ್ಕೆ ಸರಿದ, ಇನ್ನೊಂದು ತಿರುವಿನಲ್ಲಿ ಬಲಕ್ಕೆ. ಪಕ್ಕಕ್ಕೆ ಮಾತ್ರ ಬರಲಿಲ್ಲ.

ದಿನವೂ ಹಾಗೇ.

ಅಂಗಡಿಯ ಮುದುಕಿ ಜೆಸೀನಾ ಸುಮ್ಮನಿರುವವಳಲ್ಲ. "ಮೊದಲು ಕೈ ಹಿಡ್ಕೊಂಡು ಹೋಗ್ತಿದ್ದ. ಈಗ ಹಸು ಎಳ್ಕೊಂಡು ಹೋದ ಹಾಗೆ ಮುಂದೆ ಮುಂದೆ ಹೋಗ್ತಾನಲ್ಲೇ!"

ಮೆರನ್ ನಕ್ಕಳು. ಒಳಗೆ ಏನೋ ಮುರಿಯಿತು. 'ನನ್ನ ಜೊತೆ ಕಾಣಿಸಿಕೊಳ್ಳೋಕೆ ನಾಚಿಕೆ ಇವನಿಗೆ...'

ಸಮುದ್ರದಾಚೆ ಥರ್ಸೋದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದಳು. "ಬರ್ತೀನಿ ಕಣೇ. ವಾಪಸ್ ಹೋಗಲ್ಲ."

ಶನಿವಾರದ ಸಂಜೆ, ಎರ್ಲೆಂಡ್ ಬರುವ ಮುಂಚೆಯೇ, ಅಂಗಡಿಯಿಂದ ಚೀಲ ಹೊತ್ತು ಹಡಗು ಹತ್ತಲು ಒಬ್ಬಳೇ ಹೊರಟಳು. ದಿನಾ ನಡೆದ ದಾರಿಯೇ. ಆದರೆ ಗಾಳಿ ಎದೆಗೇ ಬಡಿಯಿತು! ಅರ್ಧ ದಾರಿಗೂ ಮುಂಚೆ ತೊಡೆ ನಡುಗಿತು. ಇನ್ನಷ್ಟು ಹೋಗುವುದರಲ್ಲಿ ಪಾದ ಏಳದಾಯಿತು. ಅದೇ ಗಾಳಿ ದಿನಾ ಇತ್ತಲ್ಲ! ಇಷ್ಟು ದಿನ ಎಲ್ಲಿ ಹೋಗಿತ್ತು?

ಕಲ್ಲಿನ ಗೋಡೆಗೆ ಒರಗಿ ಕುಸಿದಳು. ಆಚೆ ಹುಲ್ಲುಗಾವಲಲ್ಲಿ ಕುರಿಗಳೆಲ್ಲ ಇನ್ನೊಂದು ಗೋಡೆಯ ಮರೆಗೆ ಗುಂಪಾಗಿ ನಿಂತಿದ್ದವು, ಗಾಳಿ ತಾಗದ ಕಡೆ.

ಎಡಕ್ಕೆ. ಬಲಕ್ಕೆ. ಮುಂದೆ...

'ಅಯ್ಯೋ, ಪೆದ್ದಿ ನಾನು!'

"ಮೆರನ್!"

ಎರ್ಲೆಂಡ್ ಏದುಸಿರು ಬಿಡುತ್ತ ಓಡಿ ಬಂದ. ತಲೆಯ ಮೇಲೆ ದಿನಾ ಇರುತ್ತಿದ್ದ ಟೋಪಿ ಇರಲಿಲ್ಲ. ಅವಳು ಊರು ಬಿಟ್ಟು ಹೊರಟಳೆಂದು ಜೆಸೀನಾ ಅವನಿಗೆ ಹೇಳಿದ್ದಳು.

"ಯಾಕೋ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ದೆ. ಒಂದು ಮರ ಇಲ್ಲದ ಊರು ಕಣೇ. ಯಾರಾದ್ರೂ ಗಾಳಿಗೆ ಅಡ್ಡ ನಿಲ್ಲಬೇಕಲ್ಲ."

"ನಿನಗೆ ನಾಚಿಕೆ ಅಂದ್ಕೊಂಡೆ."

"ನಾಚಿಕೆನೇ. ನಾನು ಇನ್ನೂ ಸ್ವಲ್ಪ ಅಗಲ ಇರಬೇಕಿತ್ತು ಅಂತ."

ಅವಳು ಅಳುತ್ತಲೇ ನಕ್ಕಳು. ಕೆಳಗೆ ಹಡಗು ಕೂಗು ಹಾಕಿತು. ಇಬ್ಬರೂ ತಿರುಗಿ ನೋಡಲಿಲ್ಲ.

"ಇದು ವಾಸಿಯಾಗಲ್ಲ ಎರ್ಲೆಂಡ್. ಒಂದಿನ ನಡೆಯೋಕೇ ಆಗದೇ ಇರಬಹುದು."

"ಟ್ರ್ಯಾಕ್ಟರ್ ಇದೆ."

"ತಮಾಷೆ ಬೇಡ. ಪ್ರೀತಿ ಇದೆಯಾ, ಇಲ್ಲ ಕನಿಕರನಾ?"

"ಕನಿಕರಕ್ಕೆ ಈ ಗಾಳಿಗೆ ಯಾರೇ ದಿನಾ ಎದೆ ಕೊಡ್ತಾರೆ? ಪ್ರೀತಿನೇ."

"ಹಾಗಾದ್ರೆ ಮುಂದೆ ನಡಿ."

ಅವನು ಚೀಲ ಎತ್ತಿಕೊಂಡು ಗಾಳಿಯ ಕಡೆಗೆ ನಿಂತ. ಅವಳು ಹಿಂದಿನಿಂದ ಅವನ ಕೋಟು ಹಿಡಿದಳು.

ಕಾಯಿಲೆ ಎಲ್ಲೂ ಹೋಗಲಿಲ್ಲ. ಆ ಸಂಜೆ ಕೈತಪ್ಪಿದ್ದು ಒಂದು ಹಡಗು, ಗಾಳಿ ಹೊತ್ತೊಯ್ದ ಒಂದು ಉಣ್ಣೆ ಟೋಪಿ. ಅಷ್ಟೇ.