ಹದಿನೇಳನೆಯ ಸಾಲು

"ನನ್ನ ತಂಗಿ ಅಂಥವಳಲ್ಲ ಅಜ್ಜಾ!" ಆಸ್ಪತ್ರೆಯ ದಾಖಲೆ ಕೋಣೆಯ ಬಾಗಿಲನ್ನು ದಡಾರನೆ ತಳ್ಳಿ ನರ್ಸಮ್ಮ ಒಳಗೆ ಬಂದಳು. ಸಿಟ್ಟಿಗೆ ಅವಳ ಮೂಗಿನ ಹೊಳ್ಳೆ ಅರಳಿತ್ತು.

ಅವಳ ತಂಗಿ ಅದೇ ಆಸ್ಪತ್ರೆಯ ನೋಂದಣಿ ಗುಮಾಸ್ತೆ. ಮೂರ್ಛೆರೋಗಕ್ಕೆ ಮದ್ದು ತೆಗೆದುಕೊಳ್ಳುತ್ತಿದ್ದ ಟೀಚರೊಬ್ಬರ ವಿವರ ಹೇಗೋ ಶಾಲೆ ಸೇರಿ, ಅವರ ಕೆಲಸ ಹೋಗಿತ್ತು. "ಆ ಶಾಲೆಯ ಸಮಿತಿಯಲ್ಲಿ ನಾನೂ ಇದ್ದೀನಿ. ನನ್ನ ಮಾನ ಕಳೆದೆಯಲ್ಲ!" ಎಂದು, ವಿವರ ಹೊರಗೆ ಬಿಟ್ಟವಳು ಇವಳೇ ಎಂದು ಆರೋಪಿಸಿ ಆಸ್ಪತ್ರೆಯ ಆಡಳಿತಾಧಿಕಾರಿ ಅವಳನ್ನು ಅಮಾನತು ಮಾಡಿದ್ದ.

ಆ ಕೋಣೆ ನೋಡಿಕೊಳ್ಳುವ ಕಡತದಜ್ಜ ಕನ್ನಡಕ ಏರಿಸಿಕೊಂಡ. ಕಳೆದುಹೋದ ಕಾಗದವನ್ನು ವಾಸನೆಯಿಂದಲೇ ಹಿಡಿಯುತ್ತಾನೆಂದು ಅವನಿಗೆ ಹೆಸರು. ಶಾಲೆಗೆ ಬಂದಿದ್ದ, ಕಳಿಸಿದವರ ಹೆಸರಿಲ್ಲದ ಅಚ್ಚಾದ ಚೀಟಿಯನ್ನು ನರ್ಸಮ್ಮ ಮುಂದಿಟ್ಟಳು. ಅದರಲ್ಲಿ ಒಂದೇ ಸಾಲು: ಕ್ರಮಸಂಖ್ಯೆ ಹದಿನೇಳು, ಟೀಚರ ಹೆಸರು, ವಯಸ್ಸು ನಲವತ್ತಮೂರು, ಮಾತ್ರೆಯ ಹೆಸರು.

"ಟೀಚರಿಗೆ ಮೂವತ್ತನಾಲ್ಕು," ಎಂದಳು ನರ್ಸಮ್ಮ.

"ಹಾಗಾದ್ರೆ ನಡಿ, ಈ ತಪ್ಪು ಎಲ್ಲಿ ಹುಟ್ಟಿತು ನೋಡೋಣ."

ಇಡೀ ದಿನ ಇಬ್ಬರೂ ಮೇಜಿನಿಂದ ಮೇಜಿಗೆ ಅಲೆದರು. "ಈ ಮಾಹಿತಿ ನಿಮಗೆ ಎಲ್ಲಿಂದ ಬರುತ್ತೆ? ಎಲ್ಲಿಗೆ ಹೋಗುತ್ತೆ?" ಎಲ್ಲೆಡೆ ಇದೇ ಪ್ರಶ್ನೆ. ಉತ್ತರ ಸಿಕ್ಕಂತೆ ಅಜ್ಜ ದೊಡ್ಡ ಹಾಳೆಯ ಮೇಲೆ ಗೆರೆ ಎಳೆದ. ಅರ್ಧ ಜನಕ್ಕೆ ತಮ್ಮ ಕೈ ದಾಟಿದ್ದು ಎಲ್ಲಿಗೆ ಹೋಗುತ್ತದೆಂದೇ ಗೊತ್ತಿರಲಿಲ್ಲ. ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಮುಖ್ಯ ವೈದ್ಯೆ ಟೀಚರನ್ನೂ ಸೇರಿಸಿ ಎಲ್ಲರನ್ನೂ ಕರೆಸಿದರು. ಅಜ್ಜ ನಕ್ಷೆ ಹರಡಿದ.

"ನೋಂದಣಿಯಲ್ಲಿ ವಯಸ್ಸು ಸರಿಯಿದೆ. ವೈದ್ಯರ ಕಡತದಲ್ಲೂ ಸರಿಯಿದೆ. ಪ್ರಯೋಗಾಲಯಕ್ಕೆ ಹೆಸರೇ ಹೋಗಲ್ಲ. ಔಷಧಿ ಅಂಗಡಿಯಲ್ಲಿ ಹೊಸದಾಗಿ ಟೈಪ್ ಮಾಡುವಾಗ ಮೂವತ್ತನಾಲ್ಕು ನಲವತ್ತಮೂರಾಯ್ತು."

ಔಷಧಿ ಅಂಗಡಿಯವನು ಬಿಳಿಚಿಕೊಂಡ. "ನಾನು ಶಾಲೆಗೆ ಕಳಿಸಿಲ್ಲ!"

"ಇಲ್ಲ ಬಿಡಪ್ಪ. ನಿನ್ನ ಪಟ್ಟಿ ದಿನಾಂಕದ ಪ್ರಕಾರ ಇದೆ. ಅಲ್ಲಿ ಈ ಟೀಚರು ಇನ್ನೂರ ಎಂಟು. ಆದರೆ ಪ್ರತಿ ಸೋಮವಾರ ಅದನ್ನೇ ಅಕಾರಾದಿಯಾಗಿ ಜೋಡಿಸಿ ಒಬ್ಬರಿಗೆ ಮಾತ್ರ ಕಳಿಸ್ತೀಯ. ಅದರಲ್ಲಿ ಇವರು ಹದಿನೇಳು." ಅಜ್ಜನ ಬೆರಳು ಕೊನೆಯ ಗೆರೆಯ ತುದಿಗೆ ಬಂತು. "ಆಡಳಿತಾಧಿಕಾರಿಗಳೇ, ದಾಸ್ತಾನು ನೋಡೋಕೆ ಮಾತ್ರೆಗಳ ಲೆಕ್ಕ ಸಾಕು. ರೋಗಿಗಳ ಹೆಸರು ಯಾಕೆ ತರಿಸ್ಕೊಂಡ್ರಿ?"

ಆಡಳಿತಾಧಿಕಾರಿ ಬೆವರು ಒರೆಸಿಕೊಂಡ. "ಮಕ್ಕಳ ಹಿತಕ್ಕೆ ಮಾಡಿದೆ. ಅದು ನನ್ನ ಕರ್ತವ್ಯ."

ನರ್ಸಮ್ಮ ಮೇಜು ಗುದ್ದಿದಳು. "ಕರ್ತವ್ಯ ಆಗಿದ್ರೆ ನಿಮ್ಮ ಹೆಸರು ಬರೆದು ಕಳಿಸ್ಬೇಕಿತ್ತು! ಕಳ್ಳನ ಹಾಗೆ ಚೀಟಿ ಬಿಸಾಕಿ, ಪಾಪದ ಹುಡುಗಿ ತಲೆಗೆ ಕಟ್ಟಿದ್ರಲ್ಲ!"

ಮುಖ್ಯ ವೈದ್ಯೆ ಕೈ ಚಾಚಿದರು. "ಕಚೇರಿ ಕೀಲಿ ಇಲ್ಲಿ ಕೊಡಿ. ಅವಳ ಅಮಾನತು ಈಗಲೇ ರದ್ದು."

ಮೂಲೆಯ ಕುರ್ಚಿಯಿಂದ ಟೀಚರು ಎದ್ದರು. "ಎಂಟು ವರ್ಷದಿಂದ ನನಗೆ ಒಮ್ಮೆಯೂ ಮೂರ್ಛೆ ಬಂದಿಲ್ಲ. ಅದು ಯಾರ ಮೇಜಿಗೂ ಬರಲಿಲ್ವಾ?"

"ವೈದ್ಯರ ಕಡತದಲ್ಲಿದೆ ತಾಯಿ," ಅಜ್ಜ ತಲೆತಗ್ಗಿಸಿದ. "ಆ ಮಾತನ್ನ ಹೊತ್ತು ಅಲ್ಲಿಂದ ಯಾವ ಗೆರೆಯೂ ಹೊರಟಿಲ್ಲ."

ಮುಖ್ಯ ವೈದ್ಯೆ ಪೆನ್ನು ತೆಗೆದರು. "ಅದನ್ನ ಶಾಲೆಗೆ ಬರೆದು ತಿಳಿಸಲಾ? ನೀವು ಒಪ್ಪಿದರೆ ಮಾತ್ರ."

ಟೀಚರು ಕುರ್ಚಿಯನ್ನು ಅವರ ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ತಮ್ಮ ವಿಷಯದಲ್ಲಿ ಯಾರಾದರೂ ತಮ್ಮನ್ನು ಕೇಳಿದ್ದು ಅದೇ ಮೊದಲು.

"ಬರೀರಿ," ಎಂದರು. "ಆದರೆ ಮೊದಲು ನನಗೆ ಓದಿ ಹೇಳಿ."