ಕೋಡಿಹಳ್ಳಿ ದಾರಿಯ ನೀರು

ಈ ಕತೆ ಹೇಳುವುದಕ್ಕೆ ನೀನು ಯಾರು ಎಂದು ಯಾರಾದರೂ ಕೇಳಬಹುದು. ಮೊದಲೇ ಕ್ಷಮೆ ಕೇಳುತ್ತೇನೆ. ಸಂಜೆ ಕಾಲೇಜಿನಲ್ಲಿ ಹೇಗೋ ಬಿ.ಎ. ಮುಗಿಸಿದವನು ನಾನು, ವೈದ್ಯಶಾಸ್ತ್ರ ತಿಳಿದವನಲ್ಲ. ರಾಮನಗರದಲ್ಲಿ ಡಾಕ್ಟರ್ ದ್ರಾಕ್ಷಾಯಿಣಿಯವರ ಕಾರು ಓಡಿಸುತ್ತೇನೆ. ಅವರು ನಿವೃತ್ತರಾದ ಮೇಲೆ ನಮ್ಮ ಬಾಗಿಲಿಗೆ ರೋಗಿಗಳಿಗಿಂತ ಗೊಂದಲದಲ್ಲಿ ಸಿಕ್ಕವರೇ ಹೆಚ್ಚು ಬರುತ್ತಾರೆ. ಇಲ್ಲಿ ಏನಾದರೂ ತಪ್ಪಿದ್ದರೆ ಅದು ನನ್ನದು, ಅವರದಲ್ಲ.

ಆ ಭಾನುವಾರ ಊಟಕ್ಕೆ ಕೂರುವ ಹೊತ್ತಿಗೆ ಕನಕಪುರದಿಂದ ಸುಹಾನಾ ಬಂದಳು. ಅವಳ ಗಂಡ ಆಫ್ತಾಬ್ ಅಲ್ಲಿ ಸೋಡಾ ಅಂಗಡಿ ಇಟ್ಟವನು.

"ಡಾಕ್ಟರಮ್ಮ, ನಮ್ಮನೇವ್ರನ್ನ ಸ್ಟೇಷನ್ನಲ್ಲಿ ಕೂರಿಸವ್ರೆ. ಲೋಕೇಶಂಗೆ ವಿಷ ಹಾಕ್ದ ಅಂತಾವ್ರೆ!"

ಲೋಕೇಶ್ ಕೋಡಿಹಳ್ಳಿಯ ಯುವಕ. ಆ ಬೆಳಿಗ್ಗೆ ಕನಕಪುರದಿಂದ ಕೋಡಿಹಳ್ಳಿಗೆ ಹೋಗಿ ತಿರುಗಿ ಬರುವ ಮ್ಯಾರಥಾನ್ ಇತ್ತು. ಹೋದ ವರ್ಷ ಲೋಕೇಶ್ ಮೊದಲು, ಆಫ್ತಾಬ್ ಎರಡನೆಯವನು. ಈ ಸಲ ಮಂಡಿ ನೋವೆಂದು ಆಫ್ತಾಬ್ ಓಡದೆ, ಕನಕಪುರ ಹತ್ತಿರವಾಗುವ ಕಡೆ ಓಟಗಾರರಿಗೆ ಶರಬತ್ತು ಹಂಚುತ್ತಿದ್ದ. ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಒಂದು ಗುಟುಕು ಕುಡಿದ ಲೋಕೇಶ್, ಕಣ್ಣಳತೆಯ ದೂರ ಓಡಿ ರಸ್ತೆಗೆ ಬಿದ್ದ.

"ಒಂದು ಗುಟುಕು ಮಾತ್ರವಾ?" ಎಂದರು ಮೇಡಂ.

"ಹೂನಮ್ಮ. 'ಹೊಟ್ಟೆ ತುಂಬೈತೆ ಕಣ್ಲಾ, ಬ್ಯಾಡ' ಅಂತ ಲೋಕೇಶ ಇವ್ರಿಗೆ ಅಂದ್ನಂತೆ. ಅಷ್ಟು ದೂರ ಓಡ್ದೋನು ಹೊಟ್ಟೆ ತುಂಬೈತೆ ಅಂತಾನಾ, ಸುಳ್ಳು ಹೇಳ್ತಾನೆ ಇವನು ಅಂತ ಲೋಕೇಶನಪ್ಪ ನಮ್ಮನೇವ್ರನ್ನ ಹೊಡಿಯೋಕೆ ಹೋದ್ರು."

ನನಗೂ ಅದು ಸುಳ್ಳೆಂದೇ ಅನಿಸಿತ್ತು. ಮೇಡಂ ತಟ್ಟೆ ಸರಿಸಿ ಎದ್ದರು. "ಅನಂತರಾಜು, ಗಾಡಿ ತೆಗಿ."

ಕನಕಪುರದ ಆಸ್ಪತ್ರೆಯಲ್ಲಿ ಲೋಕೇಶ್ ಕಣ್ಣು ತೆರೆದೇ ಇದ್ದ, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ತಂದೆ ರಾಮಲಿಂಗಯ್ಯನವರನ್ನು "ಮೇಷ್ಟ್ರೇ" ಎಂದು ಕರೆದ. "ಎಮ್ಮೆ ರೇಷ್ಮೆ ಮನೆಗೆ ನುಗ್ತು, ಹೊಡೀರಿ" ಎಂದು ಕೂಗಿದ. ಅವನ ಗೊಂದಲ ಕೋಣೆಯಲ್ಲಿದ್ದವರಿಗೆಲ್ಲ ಅಂಟಿದಂತಿತ್ತು. ರಾಮಲಿಂಗಯ್ಯ ವಿಷ ಎನ್ನುತ್ತಿದ್ದರು. ಬಿಸಿಲಿಗೆ ಮೈಯ ನೀರು ಆರಿರಬೇಕು ಎಂದುಕೊಂಡಿದ್ದ ಡ್ಯೂಟಿ ಡಾಕ್ಟರ್ ಡ್ರಿಪ್ ಹಾಕಿದ್ದರು. ಅರ್ಧ ಬಾಟಲಿ ಇಳಿದಿತ್ತು. ಮೂಲೆಯಲ್ಲಿ ಸೋದರತ್ತೆ ಶಿವಲಿಂಗಮ್ಮ ಅಳುತ್ತಿದ್ದರು.

"ನಮ್ಮೂರಲ್ಲಿ ಎಷ್ಟು ಚೆಂದಾಗಿದ್ದ ನನ್ನ ಚಿನ್ನ! ಒಂದ್ ಮನೇನೂ ಬುಡ್ದಂಗೆ ನಿಂತು ಮಾತಾಡ್ಸ್ಕೊಂಡು ಹೋದ."

ಮೇಡಂ ಲೋಕೇಶನ ಕೈ ಹಿಡಿದು ನೋಡಿದರು. ಉಂಗುರ ಬೆರಳೊಳಗೆ ಹೂತುಹೋಗಿತ್ತು. ಗಡಿಯಾರದ ಪಟ್ಟಿ ಮಣಿಕಟ್ಟಿನಲ್ಲಿ ಅಚ್ಚೊತ್ತಿತ್ತು. ಚಡ್ಡಿಯ ಜೇಬಿನಲ್ಲಿ ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್ ಇತ್ತು.

"ಬೆಳಿಗ್ಗೆ ಇವನನ್ನು ತೂಕ ಹಾಕಿದ್ದರಾ?"

"ಹೂಂ, ಎಲ್ರನ್ನೂ ಹಾಕುದ್ರು," ಎಂದರು ರಾಮಲಿಂಗಯ್ಯ. "ಐವತ್ತೆಂಟು ಬಂತು. ನಮ್ಮ ಹಸೀನ ಕರ ಇದ್ಕಿಂತ ತೂಗ್ತದೆ ಕಣ್ಲಾ ಅಂತ ನಾನೇ ರೇಗುಸ್ದೆ."

"ಹಾಗಾದರೆ ಈಗ ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲಿ ಯಜಮಾನರೇ."

ಬೆಳೆದ ಮಗನನ್ನು ತಂದೆ ಮಗುವಿನಂತೆ ಎತ್ತಿಕೊಂಡು ನಿಂತರು. ಆಮೇಲೆ ಒಬ್ಬರೇ ನಿಂತರು. ನಾನು ಕಳೆದು ನೋಡಿದೆ. ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಬಾರದೆ ಮತ್ತೊಮ್ಮೆ ಕಳೆದೆ. ಅರವತ್ತೊಂದು.

"ಡ್ರಿಪ್ ಇಳಿದಿದೆಯಲ್ಲ ಮೇಡಂ?" ಎಂದೆ ಅಳುಕುತ್ತ.

"ಅರ್ಧ ಬಾಟಲಿ ಅಂದರೆ ಹೆಚ್ಚೆಂದರೆ ಅರ್ಧ ಕೆ.ಜಿ. ಅನಂತರಾಜು. ಮಿಕ್ಕಿದ್ದು?" ಎಂದವರೇ ಡ್ಯೂಟಿ ಡಾಕ್ಟರ ಕಡೆ ತಿರುಗಿದರು. "ಇದನ್ನು ನಿಲ್ಲಿಸಿ, ಮೊದಲು ರಕ್ತದಲ್ಲಿ ಉಪ್ಪಿನಂಶ ನೋಡೋಣವೇ?" ಡ್ಯೂಟಿ ಡಾಕ್ಟರ್ ಒಮ್ಮೆ ಆ ಊದಿದ ಬೆರಳು ನೋಡಿದರು, ಡ್ರಿಪ್ ನಿಲ್ಲಿಸಿ ತಾವೇ ರಕ್ತ ತೆಗೆದರು.

ಮರುದಿನ ಬೆಳಿಗ್ಗೆ ಲೋಕೇಶ್ ತಂದೆಯನ್ನು "ಅಪ್ಪ" ಎಂದು ಕರೆದ. ಆಮೇಲೆಯೇ ಮೇಡಂ ಎಲ್ಲರನ್ನೂ ಅವನ ಮಂಚದ ಸುತ್ತ ಕೂರಿಸಿದರು. ಸಬ್ ಇನ್‌ಸ್ಪೆಕ್ಟರ್ ರುದ್ರಪ್ರಸಾದ್ ಆಫ್ತಾಬನನ್ನು ಕರೆತಂದಿದ್ದರು. ರಾಮಲಿಂಗಯ್ಯ ಅವನ ಮುಖ ನೋಡದೆ ಗೋಡೆ ನೋಡುತ್ತ ಕೂತರು.

"ಓಡಿದವನ ತೂಕ ಬೆವರು ಹರಿದು ಇಳಿಯಬೇಕು," ಎಂದು ಮೇಡಂ ಶುರು ಮಾಡಿದರು. "ಇವನದು ಏರಿತ್ತು. ವಿಷಕ್ಕೆ ಎರಡೂವರೆ ಕೆ.ಜಿ. ತೂಕ ಇರುವುದಿಲ್ಲ, ನೀರಿಗೆ ಇರುತ್ತದೆ. ಉಂಗುರ ಬಿಗಿದದ್ದು ಅದಕ್ಕೇ. ಬೆವರಿನಲ್ಲಿ ಉಪ್ಪು ಹೋಗುತ್ತಿದೆ, ಮೇಲಿಂದ ಬರೀ ನೀರು ಬೀಳುತ್ತಿದೆ. ರಕ್ತ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. ಆಗ ಮೊದಲು ಕೆಡುವುದೇ ಬುದ್ಧಿ. ರಕ್ತದಲ್ಲಿ ಉಪ್ಪು ತೀರಾ ಇಳಿದಿತ್ತು. ಗಟ್ಟಿ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ನರಕ್ಕೆ ಕೊಟ್ಟ ಮೇಲೆ ಇವನು ನಮ್ಮ ಕಡೆ ತಿರುಗಿದ್ದು."

"ಹಂಗಾರೆ ಅಷ್ಟು ನೀರು ಕುಡಿಸ್ದೋರು ಯಾರು?" ಎಂದು ರಾಮಲಿಂಗಯ್ಯ ಗುಡುಗಿದರು.

"ನಿಮ್ಮೂರು. ಓಟಗಾರ ಮನೆಮನೆಗೂ ನಿಂತ ಎಂದು ನಿಮ್ಮ ತಂಗಿಯೇ ಹೇಳಿದರಲ್ಲ. ನಿಂತವನಿಗೆ ನೀವು ಏನು ಕೊಟ್ಟಿರಿ ಶಿವಲಿಂಗಮ್ಮ?"

ಶಿವಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನೀರು ಕಣವ್ವ. ಬಾಗ್ಲಿಗೆ ಬಂದ ಮಗಂಗೆ ಇನ್ನೇನು ಕೊಡೋದು? ಹೋಗ್ತಾ ಒಂದು ಚೊಂಬು, ತಿರುಗಿ ಬರ್ತಾ ಒಂದು ಚೊಂಬು."

"ಬ್ಯಾಡ ಅಂದ್ರೆ ಬೇಜಾರ್ ಮಾಡ್ಕತಾರೆ ಡಾಕ್ಟರಮ್ಮ," ಎಂದ ಲೋಕೇಶ್ ಮೆಲ್ಲಗೆ. "ಒಬ್ಬರ ಮನೇಲಿ ಕುಡಿದು ಇನ್ನೊಬ್ಬರ ಮನೇಲಿ ಬುಟ್ರೆ, ನಮ್ಮನೆ ನೀರು ಆಗ್ದಾ ಅಂತಾರೆ. ಬಾಯಾರಿಕೆ ನಮ್ಮೂರು ಬರೋಕೆ ಮುಂಚೆನೇ ಹೋಗಿತ್ತು."

"ಇನ್ನು ಆಫ್ತಾಬ್," ಎಂದರು ಮೇಡಂ. "ಅವನ ಮಾತೊಂದೇ ಅರ್ಥವಿಲ್ಲದ್ದು ಎಂದು ಎಲ್ಲರೂ ಅಂದುಕೊಂಡಿರಿ. ಅದೊಂದೇ ನಿಜವಾದ ಸುಳಿವು. ಸುಳ್ಳು ಹೇಳುವವನು ನಂಬುವಂಥ ಸುಳ್ಳು ಹೇಳುತ್ತಾನೆ, ಓಡಿ ಬಂದವನು ಹೊಟ್ಟೆ ತುಂಬಿದೆ ಅಂದ ಎನ್ನುವುದಿಲ್ಲ. ಅದೇ ಶರಬತ್ತು ಕುಡಿದ ಬೇರೆ ಯಾರೂ ಬೀಳಲಿಲ್ಲ. ಅದರಲ್ಲಿ ಏನಿತ್ತು ಸುಹಾನಾ?"

"ನಿಂಬೆಹಣ್ಣು, ಸಕ್ಕರೆ, ಉಪ್ಪು. ಅದೇ ಪಾತ್ರೇದು ಮನೇಲಿ ನಾವೂ ಕುಡುದ್ವಿ."

ರುದ್ರಪ್ರಸಾದ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಇನ್ನು ಕೇಸ್ ಇಲ್ಲ ಬಿಡಿ. ಊರನ್ನೇ ಒಳಗೆ ಹಾಕೋಕಾಗ್ತದಾ?"

ಸುಹಾನಾ ಫ್ಲಾಸ್ಕಿನಲ್ಲಿ ತಂದಿದ್ದ ಶರಬತ್ತನ್ನು ಲೋಟಕ್ಕೆ ಬಗ್ಗಿಸಿ ರಾಮಲಿಂಗಯ್ಯನವರ ಮುಂದೆ ಹಿಡಿದಳು. ಅವರು ಬಹಳ ಹೊತ್ತು ಲೋಟವನ್ನೇ ನೋಡಿದರು. ಕೊನೆಗೆ ತೆಗೆದುಕೊಂಡು ಒಂದೇ ಉಸಿರಿಗೆ ಎತ್ತಿದರು.

"ಒಸಿ ಒಸಿ ಕುಡೀರಿ ಯಜಮಾನ್ರೇ," ಎಂದ ಆಫ್ತಾಬ್. "ಆಮೇಲೆ ನಿಮ್ಮನ್ನ ಎತ್ಕೊಂಡು ತೂಕಕ್ಕೆ ನಿಲ್ಲೋಕೆ ನನ್ನ ಮಂಡಿ ತಡಿಯಾಕಿಲ್ಲ."

ರಾಮಲಿಂಗಯ್ಯ ನಗಲು ಹೋಗಿ ಅತ್ತುಬಿಟ್ಟರು.

ಒಂದು ಮಾತು ಉಳಿಯಿತು. ಆ ನೋವಿನ ಮಾತ್ರೆ ಮೂತ್ರಪಿಂಡ ನೀರನ್ನು ಹೊರಹಾಕುವುದಕ್ಕೆ ಅಡ್ಡಿಯಾಗಿರಬಹುದು ಎಂದು ಮೇಡಂ ಹೇಳಿದರು. ಯಾರು ಕೊಟ್ಟದ್ದು ಎಂದು ಕೇಳಿದರೆ, ದಾರಿಯಲ್ಲಿ ಒಂದು ಕೈ ಚಾಚಿತ್ತು ಎಂಬುದಷ್ಟೇ ಲೋಕೇಶನ ನೆನಪು. ಬಳೆ ಇತ್ತೋ ಇಲ್ಲವೋ ಎಂದು ಕೂಡ ಅವನಿಗೆ ತಿಳಿಯದು. ಅದು ಯಾರ ಕೈ ಇರಬಹುದು ಎಂದು ಕಾರಿನಲ್ಲಿ ಬರುವಾಗ ನಾನು ಕೇಳಿದೆ. "ಗೊತ್ತಿಲ್ಲ ಅನಂತರಾಜು" ಎಂದರು ಮೇಡಂ. ನನಗೂ ಗೊತ್ತಿಲ್ಲ.